ಕೇಳಿದವರಿಗೆಲ್ಲ ಕೊಡದ ಸ್ವಿಚ್

1994ರ ನವೆಂಬರ್ 18ರಂದು ಅಮೆರಿಕದ ಡಲ್ಲಾಸ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮವಿತ್ತು. ಅದರ ಒಂದಿಷ್ಟು ಭಾಗ 'ಎಂಬೋನ್' ಎಂಬ ಪ್ರಾಯೋಗಿಕ ಜಾಲದ ಮೂಲಕ ಇಂಟರ್ನೆಟ್ಟಿನಲ್ಲೂ ಪ್ರಸಾರವಾಗಬೇಕಿತ್ತು. ಸ್ಟೋನ್ಸ್ ವೇದಿಕೆ ಏರುವ ಮೊದಲೇ ಆ ಜಾಲದಲ್ಲಿ ಬೇರೆಯದೇ ಸಂಗೀತ ಮೊಳಗಿತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ತಂತ್ರಜ್ಞರ 'ಸಿವಿಯರ್ ಟೈರ್ ಡ್ಯಾಮೇಜ್' ತಂಡ ಯಾರೂ ಕರೆಯದಿದ್ದರೂ ನುಡಿಸತೊಡಗಿತ್ತು. ತಡೆಯುವ ಏರ್ಪಾಡೇ ಅಲ್ಲಿರಲಿಲ್ಲ. ಎಂಬೋನ್ ನಡೆಯುತ್ತಿದ್ದುದು ಒಂದೇ ಪ್ರಸಾರವನ್ನು ಹಲವರಿಗೆ ತಲುಪಿಸುವ 'ಮಲ್ಟಿಕಾಸ್ಟ್' ವಿಧಾನದಲ್ಲಿ; ಅದು ಹುಟ್ಟಿದ್ದೇ ಬಾಗಿಲಿಲ್ಲದ ಮನೆಯ ಹಾಗೆ.

ಕಂಪ್ಯೂಟರ್ ವಿಜ್ಞಾನಿ ಸ್ಟೀವ್ ಡೀರಿಂಗ್ 1989ರಲ್ಲಿ ಮಲ್ಟಿಕಾಸ್ಟ್ ನಿಯಮಗಳನ್ನು ಬರೆದಿಟ್ಟರು. 4 ಮೆಗಾಬಿಟ್ ವೇಗದ ವಿಡಿಯೊವನ್ನು ನೂರು ಮಂದಿಗೆ ಬೇರೆಬೇರೆಯಾಗಿ ಕಳಿಸಿದರೆ ಸರ್ವರ್‌ನಿಂದ 400 ಮೆಗಾಬಿಟ್ ಹೊರಡಬೇಕು. ಮಲ್ಟಿಕಾಸ್ಟ್‌ನಲ್ಲಿ ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆದಲ್ಲಿ ಮಾತ್ರ ಅದು ಎರಡಾಗುತ್ತದೆ. ಇಂಥ ಪ್ರಸಾರಕ್ಕೆಂದೇ 224ರಿಂದ 239ರವರೆಗೆ ಆರಂಭವಾಗುವ ಐಪಿ ವಿಳಾಸಗಳಿವೆ. ಒಂದೊಂದು ವಿಳಾಸವೂ ಒಂದೊಂದು ಗುಂಪು. ನೋಡಬೇಕಾದವರ ಯಂತ್ರ 'ಐಜಿಎಂಪಿ' ಸಂದೇಶ ಕಳಿಸಿ ಗುಂಪಿಗೆ ಸೇರುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ನೀನು ಯಾರೆಂದು ಕೇಳುವವರೂ ಇಲ್ಲ.

ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಸಾದಾ ಸ್ವಿಚ್ಚಂತೂ ಮಲ್ಟಿಕಾಸ್ಟ್ ಬಂದೊಡನೆ ಎಲ್ಲ ಪೋರ್ಟ್‌ಗಳಿಗೂ ಸುರಿದುಬಿಡುತ್ತದೆ. 'ಸ್ನೂಪಿಂಗ್' ಇರುವ ಸ್ವಿಚ್ ಐಜಿಎಂಪಿ ಸಂದೇಶಗಳಿಗೆ ಕಿವಿಗೊಟ್ಟು, ಕೇಳಿದ ಪೋರ್ಟ್‌ಗಷ್ಟೇ ಕೊಡುತ್ತದೆ. ಆದರೆ ಯಾರು ಕೇಳಿದರೆಂಬುದು ಅದಕ್ಕೆ ಗೊತ್ತೇ ಹೊರತು ಯಾರು ಕೇಳಬಹುದೆಂಬುದು ಗೊತ್ತಿಲ್ಲ. ಅದನ್ನು ಹೇಳಿಕೊಡುವುದು 'ಆಕ್ಸೆಸ್ ಲಿಸ್ಟ್' ಎಂಬ ಅನುಮತಿಗಳ ಪಟ್ಟಿ.

ಒಂದು ಹೋಟೆಲ್ ಇದೆಯೆನ್ನಿ. ಕೋಣೆಗಳ ಟಿವಿ ಚಾನೆಲ್‌ಗಳು 239.1.1.1ರಿಂದ 239.1.1.20ರವರೆಗಿನ ಗುಂಪುಗಳಲ್ಲಿವೆ, ಭದ್ರತಾ ಕ್ಯಾಮೆರಾಗಳು ಅದೇ ಜಾಲದ ಬೇರೆ ಗುಂಪುಗಳಲ್ಲಿವೆ. ಕೋಣೆಯ ಪೋರ್ಟ್‌ಗಳಿಗೆ ಹಚ್ಚಿದ ಪಟ್ಟಿಯಲ್ಲಿ ಚಾನೆಲ್‌ಗಳಿಗಷ್ಟೇ ಅನುಮತಿ. ಸಿಸ್ಕೊ ಕಂಪನಿಯ ಸ್ವಿಚ್‌ಗಳ ಆಕ್ಸೆಸ್ ಲಿಸ್ಟ್‌ನ ಕೊನೆಯಲ್ಲಿ 'ಉಳಿದದ್ದೆಲ್ಲ ನಿಷಿದ್ಧ' ಎಂಬ ಸಾಲು ಬರೆಯದಿದ್ದರೂ ಇದ್ದೇ ಇರುತ್ತದೆ. ಹೊಸ ಚಾನೆಲ್ ಸೇರಿಸಿ ಪಟ್ಟಿ ತಿದ್ದದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಸ್ವಿಚ್ ಕೋರಿಕೆಯನ್ನು ಸದ್ದಿಲ್ಲದೆ ಬಿಸಾಡುವುದರಿಂದ ಟಿವಿಗೆ ಕಾರಣವೂ ತಿಳಿಯುವುದಿಲ್ಲ. ಒಂದು ಪೋರ್ಟ್ ಏಕಕಾಲಕ್ಕೆ ಎಷ್ಟು ಗುಂಪು ಸೇರಬಹುದೆಂಬ ಮಿತಿಯನ್ನೂ ಹಲವು ಸ್ವಿಚ್‌ಗಳಲ್ಲಿ ಹಾಕಬಹುದು.

2002ರ ಮೂರನೆಯ ಆವೃತ್ತಿಯ ಐಜಿಎಂಪಿ ಬಂದ ಮೇಲೆ, ಗುಂಪಿನ ಜೊತೆಗೆ ಯಾರು ಕಳಿಸಿದ್ದು ಬೇಕೆಂದೂ ಹೇಳುವಂತಾಯಿತು. ಪಟ್ಟಿಯಲ್ಲಿ ಕಳಿಸುವವರ ವಿಳಾಸವನ್ನೂ ನಮೂದಿಸಬಹುದು.

ಇಷ್ಟಾದರೂ ಈ ಕಾವಲು ಸೇರುವವರ ಮೇಲೆ ಮಾತ್ರ. ಕೋಣೆಯ ಲ್ಯಾಪ್‌ಟಾಪೊಂದು ಚಾನೆಲ್‌ನ ಗುಂಪಿಗೇ ತನ್ನ ವಿಡಿಯೊ ಕಳಿಸತೊಡಗಿದರೆ ಐಜಿಎಂಪಿ ಪಟ್ಟಿ ತಡೆಯುವುದಿಲ್ಲ. ಅದಕ್ಕೆ ಆ ಪೋರ್ಟ್‌ನಿಂದ ಒಳಬರುವ ಪ್ಯಾಕೆಟ್‌ಗಳನ್ನೇ ತಪಾಸಿಸುವ ಇನ್ನೊಂದು ಪಟ್ಟಿ ಬೇಕು.

ಇನ್ನೊಂದು ಬಿರುಕು ವಿಳಾಸದಲ್ಲೇ ಇದೆ. ಗುಂಪಿನ ಐಪಿ ವಿಳಾಸದ ಕೊನೆಯ 23 ಬಿಟ್‌ಗಳು ಮಾತ್ರ ಸ್ಥಳೀಯ ಜಾಲದ ಈಥರ್ನೆಟ್ ವಿಳಾಸಕ್ಕೆ ಇಳಿಯುತ್ತವೆ. ಹಾಗಾಗಿ 32 ಗುಂಪುಗಳಿಗೆ ಒಂದೇ ಈಥರ್ನೆಟ್ ವಿಳಾಸ. 239.1.1.1 ಚಾನೆಲ್ಲಾಗಿ, 239.129.1.1 ಕ್ಯಾಮೆರಾ ಆಗಿದ್ದರೆ, ಈಥರ್ನೆಟ್ ವಿಳಾಸವನ್ನಷ್ಟೇ ನೋಡಿ ಹಂಚುವ ಸ್ವಿಚ್ ಎರಡನ್ನೂ ಕೋಣೆಗೆ ತಲುಪಿಸುತ್ತದೆ. ಪಟ್ಟಿ ಬರೆಯುವ ಮೊದಲೇ ಗುಂಪುಗಳ ಸಂಖ್ಯೆಯನ್ನು ನೋಡಿ ಆರಿಸಬೇಕಾದದ್ದು ಇದಕ್ಕೇ, ಕ್ಯಾಮೆರಾಗಳಿಗೆ 239.5.5.1ರಂಥ ವಿಳಾಸ ಕೊಟ್ಟರೆ ಈ ಘರ್ಷಣೆ ಬರುವುದಿಲ್ಲ.