ಡ್ರಮ್ ವಾದಕರ ಹಿರಿಮೆ

ಎರಡು ಕೈ, ಎರಡು ಕಾಲುಗಳಿಂದ ಹಲವು ಡ್ರಮ್ಮುಗಳನ್ನೂ ಕಂಚಿನ ತಾಳಗಳನ್ನೂ ಒಬ್ಬನೇ ನುಡಿಸುವುದು ಜಾಜ್ ಮತ್ತು ರಾಕ್ ಸಂಗೀತಗಳ ಪದ್ಧತಿ. ಈ ವಾದಕರಲ್ಲಿ ಅಗ್ರಗಣ್ಯನಾರೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ 1937ರ ಮೇ 11ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಸವಾಯ್ ನೃತ್ಯಮಂದಿರದಲ್ಲಿ ಅಂಥದೊಂದು ಚರ್ಚೆ ವೇದಿಕೆಯ ಮೇಲೆಯೇ ತೀರ್ಮಾನವಾಯಿತು.

ಬೆನ್ನಿ ಗುಡ್‌ಮನ್‌ನ ವಾದ್ಯವೃಂದದ ಜೀನ್ ಕ್ರೂಪಾ ಆ ವೇಳೆಗೆ ಅಮೆರಿಕದಲ್ಲೆಲ್ಲ ಮನೆಮಾತಾಗಿದ್ದನು. ಅವನಿಗೆ ಎದುರಾದ ಚಿಕ್ ವೆಬ್ ಬಾಲ್ಯದಲ್ಲೇ ಬೆನ್ನುಮೂಳೆಯ ಕ್ಷಯಕ್ಕೆ ತುತ್ತಾಗಿ ಗೂನುಬೆನ್ನಿನ ಕುಳ್ಳನಾದವನು. ತನ್ನ ದೇಹಕ್ಕೆ ಒಗ್ಗುವಂತೆ ಮಾಡಿಸಿದ ಪೆಡಲುಗಳಿಂದ ನುಡಿಸುತ್ತಿದ್ದನು. ಆದರೇನು! ನರ್ತಿಸಲು ನೆರೆದವರು ಒಲಿದದ್ದು ಅವನ ಲಯಕ್ಕೆ. ವೆಬ್ ತನ್ನನ್ನು ಮೀರಿಸಿದನೆಂದು ಕ್ರೂಪಾ ತಾನೇ ಒಪ್ಪಿಕೊಂಡನು. ಸೋತವನೇ ತೀರ್ಪಿತ್ತ ಮೇಲೆ ವಾದಕ್ಕೆ ಎಡೆಯೆಲ್ಲಿ? ಎರಡೇ ವರ್ಷಗಳಲ್ಲಿ ವೆಬ್ ತೀರಿಕೊಂಡನು.

ರಾಕ್ ಸಂಗೀತದಲ್ಲಿ ಈ ಚರ್ಚೆ ಬೇರೊಂದು ಬಗೆಯದು. ಕ್ರೀಮ್ ತಂಡದ ಜಿಂಜರ್ ಬೇಕರ್ ದೀರ್ಘವಾದ ತನಿವಾದನಗಳಿಂದ ಕೀರ್ತಿ ಗಳಿಸಿದನು. ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ತನಿವಾದನವನ್ನೇ ಒಲ್ಲದವನು. ಹಾಡು ಕುಸಿಯದಂತೆ ಲಯವನ್ನು ಹಿಡಿದು ನಿಲ್ಲುವುದೇ ಅವನ ಕಾಯಕ. ಈ ಎರಡನೆಯದೇ ಕಠಿನವಾದದ್ದೆಂದು ತೋರುತ್ತದೆ. ತಪ್ಪಿದಾಗಲಲ್ಲದೆ ಅದು ಯಾರ ಗಮನಕ್ಕೂ ಬಾರದು. ವಾಟ್ಸ್ ಅದನ್ನು 1963ರಿಂದ 2021ರಲ್ಲಿ ಮರಣಹೊಂದುವವರೆಗೂ ನಡೆಸಿಕೊಂಡು ಬಂದನು.