ಹಿರಿಯರ ಪೆಟ್ಟಿಗೆಯ ರಿವಾಲ್ವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳೆಯ ಮನೆತನಗಳಲ್ಲಿ ಹಿರಿಯರಿಂದ ಬಂದ ಸೊತ್ತುಗಳ ಪೈಕಿ ಕೋವಿಯೂ ಒಂದುಂಟು. ಅಡಕೆಯ ತೋಟವನ್ನೂ ಗದ್ದೆಯ ಪೈರನ್ನೂ ಹಂದಿ, ಮಂಗಗಳಿಂದ ಕಾಯುವ ಕೋವಿಯ ಕಥೆ ಸರಳವಾದುದು. ಅದು ಎಲ್ಲರ ಕಣ್ಣಿಗೂ ಬೀಳುವುದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಮರಳುವುದು. ರಿವಾಲ್ವರಿನ ಸಂಗತಿ ಹಾಗಲ್ಲ. ಅದು ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಮೂಲಗೇಣಿ ಚೀಟುಗಳ ಅಡಿಯಲ್ಲಿ, ಬಟ್ಟೆಯೊಳಗೆ ಸುತ್ತಿಕೊಂಡು ಮಲಗಿರುವುದು. ಯಜಮಾನನು ಕಾಲವಾದ ತರುವಾಯ ಪೆಟ್ಟಿಗೆ ತೆರೆದವರ ಕೈಗೆ ಅದು ಸಿಕ್ಕಿದಾಗ, ‘ಇದು ಯಾರದು? ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಹುಟ್ಟುವುದು.

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಉತ್ತರ ಸಿಕ್ಕದ ಆಯುಧವು ಮನೆಗೆ ಸೊತ್ತಲ್ಲ, ಹೊರೆ. ಮೊದಲು ಹೇಳತಕ್ಕ ಮಾತೊಂದುಂಟು: ಎಷ್ಟು ತುಕ್ಕು ಹಿಡಿದಿದ್ದರೂ ಅದರೊಳಗೆ ತೋಟಾ ಇದೆಯೆಂದೇ ಎಣಿಸಬೇಕು. ಕುದುರೆಯನ್ನು ಎಳೆದು ನೋಡಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಹುಣಿಸೆ, ಬೂದಿಗಳಿಂದ ತಿಕ್ಕಿ ಬೆಳಗುವುದೂ ಬೇಡ. ಅದರ ಜಾತಕವೆಲ್ಲ ಉಕ್ಕಿನ ಮೇಲೆಯೇ ಬರೆದಿರುವುದು; ತಿಕ್ಕಿದರೆ ಅಳಿಸಿಹೋಗುವುದು.

ಇನ್ನು ಮನೆಯ ಮಾತುಗಳ ವಿಚಾರ. ಬೆಳ್ತಂಗಡಿಯ ಕಡೆಯವರು ಇದು ಜಮಾಲಾಬಾದಿನ ಕೋಟೆಯಿಂದ ಬಂದುದೆಂದಾರು. ಬಂಟ್ವಾಳದವರು ಕಲ್ಯಾಣಪ್ಪನ ಕಾಟಕಾಯಿಯಲ್ಲಿ ಹಿರಿಯರು ಹಿಡಿದುದೆಂದಾರು. ಟಿಪ್ಪುವು ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದ್ದು 1794ರಲ್ಲಿ. ಅವನು ಮಡಿದದ್ದು 1799ರಲ್ಲಿ. ಕಾಟಕಾಯಿಯ ದಂಡು ಸುಳ್ಯದ ಸೀಮೆಯಿಂದ ಹೊರಟು ಬಂಟ್ವಾಳದ ಮಾರ್ಗವಾಗಿ ಮಂಗಳೂರನ್ನು ಸೇರಿದ್ದು 1837ರಲ್ಲಿ. ಅಮೆರಿಕದ ಸಾಮ್ಯುಯೆಲ್ ಕೋಲ್ಟನು ತನ್ನ ರಿವಾಲ್ವರಿಗೆ ಆ ದೇಶದ ಪೇಟೆಂಟು ಪಡೆದದ್ದು 1836ರಲ್ಲಿ. ಅವನು ಲಂಡನ್ನಿನಲ್ಲಿ ಕಾರ್ಖಾನೆ ತೆರೆದದ್ದು 1853ರಲ್ಲಿ. ಅಂದಮೇಲೆ ಅಮೆರಿಕದಲ್ಲಿ ಆಗತಾನೆ ಹುಟ್ಟಿದ ಆಯುಧವು ಮರುವರ್ಷವೇ ನೇತ್ರಾವತಿಯ ದಡದಲ್ಲಿ ಸದ್ದುಮಾಡಿತೆಂದು ನಂಬುವುದು ಹೇಗೆ? ಹಿರಿಯರು ಸುಳ್ಳು ಹೇಳಿದರೆಂದಲ್ಲ. ಊರಿನ ದೊಡ್ಡ ಕಥೆಗಳು ಮನೆಯ ಚಿಕ್ಕ ವಸ್ತುಗಳಿಗೆ ಅಂಟಿಕೊಳ್ಳುವುದುಂಟು.

ಉಕ್ಕಿನ ಸಾಕ್ಷ್ಯವು ಇದಕ್ಕಿಂತ ಗಟ್ಟಿಯಾದುದು. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಮೊದಲು ಪ್ರತಿಯೊಂದು ನಳಿಗೆಯನ್ನೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ನಗರದ ಪರೀಕ್ಷಾಗೃಹದಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ ನೋಡಿ, ತಡೆದುಕೊಂಡುದಕ್ಕೆ ಮುದ್ರೆಯೊತ್ತುವರು. ಬರ್ಮಿಂಗ್‌ಹ್ಯಾಮಿನ ಗೃಹವು 1813ರಲ್ಲಿ ಸ್ಥಾಪಿತವಾಯಿತು. ಕಿರೀಟದ ಕೆಳಗೆ ‘ಎನ್.ಪಿ.’ ಎಂಬ ಅಕ್ಷರಗಳಿದ್ದರೆ, ಹೊಗೆಯಿಲ್ಲದ ಮದ್ದಿನಿಂದ ಆ ಪರೀಕ್ಷೆಯಾದದ್ದು 1904ರ ಈಚೆಗೆ ಎಂದು ತಿಳಿಯಬಹುದು. ಅಂಡಾಕಾರದ ಗೆರೆಯೊಳಗೆ ‘ಇ.ಎಲ್.ಜಿ.’ ಎಂದಿದ್ದರೆ ಅದು ಬೆಲ್ಜಿಯಮಿನ ಲೀಎಜ್ ಪಟ್ಟಣದಲ್ಲಿ ಪರೀಕ್ಷೆಯಾದುದು. ವೆಬ್ಲಿ ಎಂಬ ಹೆಸರೂ ಸೈನ್ಯದ ಗುರುತೂ ಕಂಡರೆ, ಬ್ರಿಟಿಷ್ ಸೈನ್ಯವು ವೆಬ್ಲಿಯ ಮೊದಲನೆಯ ಮಾದರಿಯನ್ನು ಅಂಗೀಕರಿಸಿದ್ದು 1887ರಲ್ಲಿ ಎಂಬುದನ್ನು ನೆನೆಯಬೇಕು. ಕ್ರಮಸಂಖ್ಯೆಯನ್ನಂತೂ ಮರೆಯದೆ ಬರೆದಿಡತಕ್ಕದ್ದು. ಆದರೆ ಇದೆಲ್ಲವನ್ನೂ ಬಲ್ಲವರು ಆಯುಧವನ್ನು ಬರಿದುಮಾಡಿ ಕೊಟ್ಟ ಮೇಲೆಯೇ ನೋಡಬೇಕು.

ಮೂರನೆಯ ಸಾಕ್ಷ್ಯವು ಕಾಗದ. ಲಾರ್ಡ್ ಲಿಟ್ಟನ್ನನ ಕಾಲದಲ್ಲಿ, 1878ರಲ್ಲಿ, ಆಯುಧಗಳ ಕಾನೂನು ಬಂದಿತು. ಅಂದಿನಿಂದ ಭಾರತೀಯ ಗೃಹಸ್ಥನಿಗೆ ಲೈಸನ್ಸು ಅಗತ್ಯವಾಯಿತು. ನಮ್ಮ ಜಿಲ್ಲೆ 1956ರ ವರೆಗೆ ಮದರಾಸಿಗೆ ಸೇರಿದ್ದುದರಿಂದ ಹಳೆಯ ಲೈಸನ್ಸುಗಳು ಮದರಾಸು ಸರಕಾರದ ಹೆಸರಿನಲ್ಲಿರುವುವು. ಮೂಡುಬಿದಿರೆಯು ಒಂದು ಕಾಲಕ್ಕೆ ಕಾರ್ಕಳ ತಾಲ್ಲೂಕಿನಲ್ಲಿದ್ದುದರಿಂದ ಅಲ್ಲಿನವರು ಕಾರ್ಕಳವೆಂಬ ಹೆಸರನ್ನೂ ಹುಡುಕಬೇಕು.

ಇಲ್ಲಿ ಹೊರಗಿನವರಿಗೆ ತೋಚದ ತೊಡಕೊಂದುಂಟು. ತಂದೆಯ ಹೆಸರಿನಲ್ಲಿ ಲೈಸನ್ಸು ಕಾಣದೆ ಹಲವರು ಕೈಚೆಲ್ಲುವರು. ಅಳಿಯಸಂತಾನದ ಮನೆಗಳಲ್ಲಿ ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿತ್ತು. ಹುಡುಕಬೇಕಾದದ್ದು ಅಜ್ಜಿಯ ಅಣ್ಣನ ಹೆಸರನ್ನೋ ಅವನಿಗಿಂತ ಹಿಂದಿನ ಮಾವನ ಹೆಸರನ್ನೋ ಆಗಿರಬಹುದು. ಬಂಟರ, ಜೈನರ ಮನೆಗಳಲ್ಲಿ ಇದನ್ನು ಬಲ್ಲವರು ಮುದುಕಿಯರೇ. ಅವರು ಇರುವಾಗಲೇ ಕೇಳಬೇಕು.

ಈಗ ಕಾನೂನಿನ ಮಾತು. ಇಂದು ನಡೆಯುವುದು 1959ರ ಆಯುಧ ಕಾಯಿದೆ. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಲೈಸನ್ಸುದಾರನು ತೀರಿಕೊಂಡರೆ ಆಯುಧವು ತಾನಾಗಿ ಮಗನದೋ ಅಳಿಯನದೋ ಆಗುವುದಿಲ್ಲ. ತಡಮಾಡದೆ ಹತ್ತಿರದ ಠಾಣೆಯಲ್ಲಾಗಲಿ ಲೈಸನ್ಸುಳ್ಳ ವ್ಯಾಪಾರಿಯಲ್ಲಾಗಲಿ ಅದನ್ನು ಠೇವಣಿಯಿಟ್ಟು, ವಾರಸುದಾರನು ತನ್ನ ಹೆಸರಿಗೆ ಲೈಸನ್ಸು ಬೇಡಬೇಕು. 2016ರ ನಿಯಮಗಳ ಪ್ರಕಾರ, ಲೈಸನ್ಸುದಾರನಿಗೆ 70 ವಯಸ್ಸಾದಾಗ, ಅಥವಾ ಆಯುಧವು 25 ವರ್ಷ ಅವನ ಬಳಿ ಇದ್ದ ಮೇಲೆ, ಬದುಕಿರುವಾಗಲೇ ವಾರಸುದಾರನಿಗೆ ವರ್ಗಮಾಡಿಸಲು ಅವಕಾಶವುಂಟು. 2019ರ ತಿದ್ದುಪಡಿಯಂತೆ ಒಬ್ಬನ ಬಳಿ ಎರಡಕ್ಕಿಂತ ಹೆಚ್ಚು ಬಂದೂಕುಗಳು ಇರಕೂಡದು. ಪಿತ್ರಾರ್ಜಿತವಾದರೂ ಈ ಮಿತಿ ತಪ್ಪದು. ರಿಪೇರಿಗೂ ಒದಗದಷ್ಟು ಕೆಟ್ಟ ಪುರಾತನ ಆಯುಧಗಳಿಗೆ ಕಾಯಿದೆಯಲ್ಲಿ ವಿನಾಯಿತಿಯಿದ್ದರೂ, ‘ಇದು ಹಳತು, ಕೆಲಸಕ್ಕೆ ಬಾರದು’ ಎಂದು ನಾವೇ ತೀರ್ಮಾನಿಸಿ ಸುಮ್ಮನಿರುವುದು ಅಪಾಯಕರ. ಲೈಸನ್ಸಿಲ್ಲದ ರಿವಾಲ್ವರು ಮನೆಯಲ್ಲಿ ಸಿಕ್ಕರೆ ವಕೀಲರ ಸಲಹೆ ಪಡೆದು ಕೂಡಲೆ ಠಾಣೆಗೆ ತಿಳಿಸುವುದೇ ಗೃಹಸ್ಥಧರ್ಮ.

ಆದುದರಿಂದ ಮನೆಯಲ್ಲಿ ರಿವಾಲ್ವರನ್ನು ಇಟ್ಟಿರುವ ಹಿರಿಯರು ಇಂದೇ ಒಂದು ಹಾಳೆಯಲ್ಲಿ ಅದು ಬಂದ ಬಗೆ, ಕ್ರಮಸಂಖ್ಯೆ, ಲೈಸನ್ಸಿನ ವಿವರಗಳನ್ನು ಬರೆದು ಮನೆಯವರ ಕೈಗೆ ಕೊಡಲಿ. ಮುಂದೆ ಆಯುಧವನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೂ ಬರಲಿ. ಅದರ ಚರಿತ್ರೆಯಾದರೂ ಮನೆಯಲ್ಲಿ ಉಳಿಯುವುದು.