ಲೈಸೆನ್ಸ್ ಕೊಡುತ್ತಿದ್ದ ಖಾತೆ

1956ರಿಂದ 1961ರವರೆಗೆ ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಖಾತೆಯನ್ನು ಒಬ್ಬರಾದ ಮೇಲೊಬ್ಬರು ನಿಭಾಯಿಸಿದ ಮೊರಾರ್ಜಿ ದೇಸಾಯಿ, ಲಾಲ್ ಬಹದ್ದೂರ್ ಶಾಸ್ತ್ರಿ ಇಬ್ಬರೂ ಮುಂದೆ ಪ್ರಧಾನಿಗಳಾದರು. 1946ರ ಮಧ್ಯಂತರ ಸರ್ಕಾರದಲ್ಲಿ ವಾಣಿಜ್ಯ ನೋಡಿಕೊಳ್ಳುತ್ತಿದ್ದ ಐ.ಐ. ಚುಂದ್ರಿಗರ್ ಅವರಿಗೂ ಪ್ರಧಾನಿ ಪಟ್ಟ ಒಲಿಯಿತು. ಆದರೆ ಅದು ಪಾಕಿಸ್ತಾನದಲ್ಲಿ. 1957ರಲ್ಲಿ ಎರಡು ತಿಂಗಳು ತುಂಬುವ ಮೊದಲೇ ಕೈತಪ್ಪಿತು.

ಈ ಖಾತೆಯ ಬೇರು ಕರ್ಜನ್ ಕಾಲದ್ದು. ವೈಸ್‌ರಾಯ್ ಕಾರ್ಯಕಾರಿ ಮಂಡಳಿಗೆ ಆರನೇ ಸದಸ್ಯರನ್ನು ಸೇರಿಸಿ, 1905ರಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗೆಂದೇ ಪ್ರತ್ಯೇಕ ಇಲಾಖೆ ತೆರೆಯಲಾಯಿತು.

ಸ್ವಾತಂತ್ರ್ಯ ಬಂದಾಗ ಕುರ್ಚಿಗಳು ಎರಡು. ಸಿ.ಎಚ್. ಭಾಭಾ ಅವರಿಗೆ ವಾಣಿಜ್ಯ, ಶ್ಯಾಮಪ್ರಸಾದ್ ಮುಖರ್ಜಿ ಅವರಿಗೆ ಕೈಗಾರಿಕೆ ಮತ್ತು ಸರಬರಾಜು. ದೇಶದ ಮೊದಲ ಕೈಗಾರಿಕಾ ನೀತಿ 1948ರ ಏಪ್ರಿಲ್ 6ರಂದು ಹೊರಬಿದ್ದದ್ದು ಮುಖರ್ಜಿಯವರ ಅವಧಿಯಲ್ಲೇ. ನೆಹರೂ–ಲಿಯಾಖತ್ ಒಪ್ಪಂದವನ್ನು ವಿರೋಧಿಸಿ 1950ರಲ್ಲಿ ಅವರು ರಾಜೀನಾಮೆ ಕೊಟ್ಟರು.

ಖಾತೆಗೆ ನಿಜವಾದ ಬಲ ತಂದುಕೊಟ್ಟದ್ದು 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ. ಅದರ ಪಟ್ಟಿಯಲ್ಲಿದ್ದ ಉದ್ಯಮಗಳಲ್ಲಿ ಹೊಸ ಕಾರ್ಖಾನೆ ತೆರೆಯಲು ಲೈಸೆನ್ಸ್ ಬೇಕು. ಇದ್ದದ್ದನ್ನು ದೊಡ್ಡ ಪ್ರಮಾಣದಲ್ಲಿ ವಿಸ್ತರಿಸಲು, ಹೊಸ ಸರಕು ತಯಾರಿಸಲು, ಕಡೆಗೆ ಕಾರ್ಖಾನೆಯನ್ನು ಬೇರೆ ಜಾಗಕ್ಕೆ ಸಾಗಿಸಲೂ ಲೈಸೆನ್ಸ್ ಬೇಕು. ಅರ್ಜಿ ದೆಹಲಿಗೆ ಹೋದರೆ ತಾಂತ್ರಿಕ ಪರಿಶೀಲನೆ, ಆಮೇಲೆ ಲೈಸೆನ್ಸಿಂಗ್ ಸಮಿತಿ. ಯಂತ್ರ ವಿದೇಶದಿಂದ ಬರಬೇಕಿದ್ದರೆ ಆಮದು ನಿಯಂತ್ರಕರ ಕಚೇರಿಯಲ್ಲಿ ಇನ್ನೊಂದು ಕಡತ. ಉತ್ಪಾದನೆಯ ಮಿತಿಯನ್ನೂ ಸರ್ಕಾರವೇ ಬರೆದುಕೊಡುತ್ತಿತ್ತು. ಬೇಡಿಕೆ ಇದೆಯೆಂದು ಅದನ್ನು ಮೀರಿ ತಯಾರಿಸಿದರೆ ಉದ್ಯಮಿ ನೋಟಿಸಿಗೆ ಉತ್ತರ ಕೊಡಬೇಕಾಗುತ್ತಿತ್ತು. ಉದ್ಯಮಿಗಳು ದೆಹಲಿಯ ಉದ್ಯೋಗ ಭವನದ ಮೆಟ್ಟಿಲು ಸವೆಸಿದ ಕಾಲವದು.

ಈ ಕುರ್ಚಿಗೂ ಕನ್ನಡ ನಾಡಿಗೂ ನಂಟಿದೆ. ಶಾಸ್ತ್ರಿಯವರ ನಂತರ 1961ರಿಂದ 1963ರವರೆಗೆ ಖಾತೆ ಹೊತ್ತವರು ಮೈಸೂರಿನ ಮೊದಲ ಮುಖ್ಯಮಂತ್ರಿ, ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. 1977ರಲ್ಲಿ ಕೈಗಾರಿಕಾ ಸಚಿವರಾದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬ ನಿಯಮ ಅವರಿಗಿಂತ ಮೊದಲೇ ಇತ್ತು. ಅವರು ಪಟ್ಟು ಸಡಿಲಿಸಲಿಲ್ಲ. ಕೋಕಾ–ಕೋಲಾ, ಐಬಿಎಂ ಎರಡೂ ಗಂಟುಮೂಟೆ ಕಟ್ಟಿದವು. ಕೋಲಾದ ಜಾಗಕ್ಕೆ ಸರ್ಕಾರಿ ಕಂಪನಿಯೇ ‘77’ ಹೆಸರಿನ ಪಾನೀಯ ತಂದಿತು. ಅದು ಹೆಚ್ಚು ದಿನ ನಡೆಯಲಿಲ್ಲ. ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ಸರಕುಗಳ ಪಟ್ಟಿ ಮಾತ್ರ 180ರಿಂದ 500ರ ಗಡಿ ದಾಟಿತು. ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದದ್ದೂ ಆಗಲೇ.

1991ರಲ್ಲಿ ಪ್ರಧಾನಿ ಪಿ.ವಿ. ನರಸಿಂಹ ರಾವ್ ಕೈಗಾರಿಕೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಜುಲೈ 24ರಂದು ಹೊಸ ನೀತಿಯನ್ನು ಸದನದಲ್ಲಿ ಮಂಡಿಸಿದವರು ರಾಜ್ಯ ಸಚಿವ ಪಿ.ಜೆ. ಕುರಿಯನ್. 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ರದ್ದಾಯಿತು. ಅದೇ ದಿನ ಮನಮೋಹನ್ ಸಿಂಗ್ ಬಜೆಟ್ ಓದಿದ್ದರಿಂದ ಮರುದಿನ ಎಲ್ಲರ ಬಾಯಲ್ಲೂ ಬಜೆಟ್ಟಿನದೇ ಮಾತು.

ಲೈಸೆನ್ಸ್ ಹೋದ ಮೇಲೆ ತೂಕ ವಾಣಿಜ್ಯದ ಕಡೆಗೆ ವಾಲಿತು. 1998ರಲ್ಲಿ ವಾಣಿಜ್ಯ ಖಾತೆ ರಾಮಕೃಷ್ಣ ಹೆಗಡೆ ಅವರ ಪಾಲಿಗೆ ಬಂತು. 1999ರಲ್ಲಿ ಮುರಸೋಳಿ ಮಾರನ್ ವಾಣಿಜ್ಯ ಮತ್ತು ಕೈಗಾರಿಕೆ ಎರಡಕ್ಕೂ ಸಚಿವರಾದರು. ಎರಡು ವರ್ಷದ ನಂತರ ದೋಹಾದ ವಿಶ್ವ ವ್ಯಾಪಾರ ಸಂಘಟನೆಯ ಸಭೆಯಲ್ಲಿ ಅವರು ಎಷ್ಟು ಗಟ್ಟಿಯಾಗಿ ನಿಂತರೆಂದರೆ, ಸಭೆಯನ್ನೇ ಒಂದು ದಿನ ಮುಂದುವರಿಸಬೇಕಾಯಿತು.

ಇಂದು ಈ ಸಚಿವರು ಸುದ್ದಿಯಾಗುವುದು ಹೆಚ್ಚಾಗಿ ವ್ಯಾಪಾರ ಒಪ್ಪಂದಗಳಿಂದ. 2022ರಲ್ಲಿ ಯುಎಇ ಮತ್ತು ಆಸ್ಟ್ರೇಲಿಯಾ ಜೊತೆ ಸಹಿ ಬಿದ್ದವು. ಕಾರ್ಖಾನೆ ಕಟ್ಟಲು ಹೊರಟವರು ಮಾತ್ರ ಮೊದಲು ಎಡತಾಕುವುದು ರಾಜ್ಯದ ಕಚೇರಿಗಳನ್ನು. ಕರ್ನಾಟಕದಲ್ಲಾದರೆ ಜಮೀನಿಗೆ ಕೆಐಎಡಿಬಿ, ಏಕಗವಾಕ್ಷಿ ಅನುಮತಿಗೆ ಕರ್ನಾಟಕ ಉದ್ಯೋಗ ಮಿತ್ರ.